ಯಳಂದೂರಿನಿಂದ ಹನೂರಿಗೆ: ದೂರದ ಓಟದ ಚರಿತ್ರೆ ಮತ್ತು ಒಂದು ತಪ್ಪೊಪ್ಪಿಗೆ



ಯಳಂದೂರಿನಿಂದ ಹೊರಟು, ಕೊಳ್ಳೇಗಾಲವನ್ನು ಹಾದು, ಮಧುವನಹಳ್ಳಿ, ಕಾಮಗೆರೆಗಳನ್ನು ದಾಟಿ ಹನೂರನ್ನು ಮುಟ್ಟಿದರೆ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರು. ಮ್ಯಾರಥಾನ್ ಎಂದು ಲೋಕವೆಲ್ಲ ಕರೆಯುವ ಓಟದ ದೂರ 42.195 ಕಿ.ಮೀ. ಅಂದರೆ ಹನೂರಿನ ಬಸ್ ನಿಲ್ದಾಣದಲ್ಲಿ ನಿಲ್ಲದೆ ಮಾದಪ್ಪನ ಬೆಟ್ಟದ ಹಾದಿಯಲ್ಲಿ ಇನ್ನೆರಡು ಕಿಲೋಮೀಟರು ಮುಂದೆ ಹೋಗಬೇಕು, ಅಷ್ಟೆ. ತರಗತಿಯಲ್ಲಿ ನಾನು ಮ್ಯಾರಥಾನಿನ ದೂರವನ್ನು ಹೀಗೆ ವಿವರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಈ ಲೇಖನಕ್ಕೆ ಕಾರಣವಾದದ್ದು ಒಂದು ದೂರವಾಣಿ ಕರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅರ್ಧ ಮ್ಯಾರಥಾನಿಗೆ ಹೆಸರು ನೋಂದಾಯಿಸಿದ್ದಾನೆ. ನಲವತ್ತು ದಾಟಿದ ಮೇಲೆ ಹುಟ್ಟಿದ ಹವ್ಯಾಸ. ನಾಲ್ಕು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದಾನೆ. ಈಗ ಮೂರು ವಾರಗಳಿಂದ ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಮೇಲೆ ಒಂದೇ ಕಡೆ ನೋವು. ವೈದ್ಯರನ್ನು ಕಂಡೆಯಾ ಎಂದು ಕೇಳಿದೆ. ಅವನು ನಕ್ಕು, "ಸಾರ್, ನೋವನ್ನು ಲೆಕ್ಕಿಸದವನೇ ಓಟಗಾರ ಅಂತ ನಮಗೆ ಹೇಳಿಕೊಟ್ಟವರು ನೀವೇ ಅಲ್ಲವೇ?" ಎಂದ.

ಹೌದು, ನಾನೇ ಹೇಳಿದ್ದೆ. ಆ ಮಾತಿನಿಂದ ಒಬ್ಬ ಹುಡುಗನಿಗೆ ಆದ ಕೇಡನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷಗಳ ಮೇಲೆ ಅದನ್ನು ಬರೆದಿಡುವುದು ನನ್ನ ಕರ್ತವ್ಯವೆನಿಸಿದೆ. ಆದರೆ ಇತಿಹಾಸದ ಮೇಷ್ಟರಿಗೆ ಯಾವುದನ್ನೂ ಬುಡದಿಂದ ಆರಂಭಿಸದೆ ಹೇಳಲು ಬಾರದು; ಸ್ವಲ್ಪ ತಾಳ್ಮೆಯಿರಲಿ.

ದೂರದ ಹಾದಿಯನ್ನು ಕಾಲಿನಿಂದ ಅಳೆಯುವುದು ನಮ್ಮ ಸೀಮೆಗೆ ಹೊಸತಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಮೈಸೂರು ಅಂಚೆ ಆರಂಭವಾಯಿತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿಹೋಯಿತು. ಎರಡು ಶತಮಾನಗಳಿಗೂ ಮೀರಿ ಕಾಗದಪತ್ರಗಳನ್ನು ಹೊತ್ತವರು ಬಹುಮಟ್ಟಿಗೆ ಓಡುವ ಆಳುಗಳೇ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಯಳಂದೂರು ಮೈಸೂರಿನ ಕಡೆಗಿತ್ತು. ಕೊಳ್ಳೇಗಾಲ, ಹನೂರುಗಳು 1956ರವರೆಗೂ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಆಡಳಿತ ಎರಡಾದರೂ ಅಂಚೆಯ ಚೀಲ ಎರಡೂ ಕಡೆ ಓಡಿದ್ದು ಮನುಷ್ಯನ ಕಾಲಿನ ಮೇಲೆಯೇ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅಂಚೆಯ ಓಟಗಾರ ಇಡೀ ಹಾದಿಯನ್ನು ಒಬ್ಬನೇ ಓಡುತ್ತಿರಲಿಲ್ಲ. ತನ್ನ ಪಾಲಿನ ಕೆಲವು ಮೈಲಿಗಳನ್ನು ಮುಗಿಸಿ, ಚೀಲವನ್ನು ಮುಂದಿನವನಿಗೆ ಒಪ್ಪಿಸಿ ದಣಿವಾರಿಸಿಕೊಳ್ಳುತ್ತಿದ್ದ. ನಿತ್ಯವೂ ಓಡಬೇಕಾದವನ ಕಾಲು ನಾಳೆಗೂ ಉಳಿಯಬೇಕೆಂಬ ವಿವೇಕ ಆ ವ್ಯವಸ್ಥೆಯೊಳಗೇ ಇತ್ತು.

ಇನ್ನು ಮಲೆ ಮಹದೇಶ್ವರನ ಒಕ್ಕಲು. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ಬರಿಗಾಲಿನಲ್ಲಿ ಹೊರಡುವ ಸಾವಿರಾರು ಜನರನ್ನು ನಾವೆಲ್ಲ ನೋಡಿಯೇ ಬೆಳೆದವರು. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು ಎಂಬತ್ತು ಕಿಲೋಮೀಟರು. ಹನೂರಿನಲ್ಲಿ ಕುಳಿತು, ಕೌದಳ್ಳಿಯಲ್ಲಿ ಕುಳಿತು, ತಾಳಬೆಟ್ಟದಲ್ಲಿ ಕಾಲು ನೀವಿಕೊಂಡು ಹತ್ತುವ ಅವರಿಗೆ ಯಾವ ತರಬೇತುದಾರನೂ ಇಲ್ಲ. ಆದರೂ ಅಂಗಾಲು ಬೊಕ್ಕೆಯೆದ್ದವನು ಉಪ್ಪುನೀರಿನಲ್ಲಿ ಕಾಲಿಟ್ಟು ಒಂದು ಹೊತ್ತು ಮಲಗುತ್ತಾನೆಯೇ ಹೊರತು ಜೊತೆಯವರೊಡನೆ ಪಂಥ ಕಟ್ಟುವುದಿಲ್ಲ. ಮಾದಪ್ಪ ಎಲ್ಲಿಗೂ ಹೋಗುವುದಿಲ್ಲವೆಂಬ ನಂಬಿಕೆ ಅವನದು.

ಪಂಥದ ಓಟದ ಕಥೆ ಬೇರೆ. ಭಾರತ ತಂಡವೊಂದನ್ನು ಒಲಿಂಪಿಕ್ಸಿಗೆ ಮೊದಲ ಬಾರಿ ಕಳುಹಿಸಿದ್ದು 1920ರಲ್ಲಿ, ಬೆಲ್ಜಿಯಂನ ಆಂಟ್ವರ್ಪಿಗೆ. ಅದರ ಹಿನ್ನೆಲೆಯಲ್ಲಿ ನಮ್ಮ ನಾಡಿನ ಹೆಸರೊಂದಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ನಡೆಸಿದ ಕ್ರೀಡಾಕೂಟವನ್ನು ದೊರಾಬ್ಜಿ ಟಾಟಾ ಅವರು ನೋಡಿದರು. ದೂರದ ಓಟಗಳಲ್ಲಿ ಬರಿಗಾಲಿನಲ್ಲಿ ಓಡಿದ ರೈತಾಪಿ ಯುವಕರು ಯಾವ ಶಾಸ್ತ್ರೀಯ ಶಿಕ್ಷಣವೂ ಇಲ್ಲದೆ ತೋರಿದ ವೇಗ ಅವರನ್ನು ಬೆರಗುಗೊಳಿಸಿತು. ಇವರನ್ನು ಯೂರೋಪಿಗೆ ಏಕೆ ಕಳುಹಿಸಬಾರದು ಎಂಬ ಆಲೋಚನೆ ಅಲ್ಲಿ ಮೊಳೆಯಿತು. ವೆಚ್ಚದಲ್ಲಿ ಒಂದು ಪಾಲನ್ನು ಟಾಟಾ ಅವರೇ ಭರಿಸಿದರು. ಹೀಗೆ ಹೊರಟ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬ ಯುವಕನಿದ್ದ.

1920ರ ಆಗಸ್ಟ್ 22ರಂದು ನಡೆದ ಮ್ಯಾರಥಾನಿನಲ್ಲಿ ಚೌಗುಲೆ ಹತ್ತೊಂಬತ್ತನೆಯವನಾಗಿ ಬಂದ. ಅವನು ತೆಗೆದುಕೊಂಡ ಕಾಲ 2 ಗಂಟೆ 50 ನಿಮಿಷ 45 ಸೆಕೆಂಡು. ಅಂದಿನ ಹಾದಿ ಈಗಿನದಕ್ಕಿಂತ ಉದ್ದವಾಗಿದ್ದು, 42.75 ಕಿ.ಮೀ. ಇತ್ತು. ಲೆಕ್ಕ ಹಾಕಿ ನೋಡಿ: ಕಿಲೋಮೀಟರಿಗೆ ನಾಲ್ಕೇ ನಿಮಿಷ, ಅದೂ ನಲವತ್ತೆರಡು ಬಾರಿ ಒಂದರ ಮೇಲೊಂದರಂತೆ. ಅವನೊಡನೆ ಹೋಗಿದ್ದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್‌ಗೆ ಓಟವನ್ನು ಮುಗಿಸಲಾಗಲಿಲ್ಲ. ಪದಕ ಬಾರದ ಕಾರಣ ಚೌಗುಲೆಯ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರಲಿಲ್ಲ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ನಮ್ಮ ಕೊಳ್ಳೇಗಾಲ ಮದರಾಸಿನಲ್ಲಿ. ಎರಡೂ ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ನಾಡು ಒಂದಾಗುವ ಮೊದಲೇ ಓಡಿಹೋದ ಈ ಹಿರಿಯನನ್ನು ನಮ್ಮವನೆಂದು ಕರೆಯಲು ನನಗಂತೂ ಸಂಕೋಚವಿಲ್ಲ.

ಅಂದು ಗೆದ್ದವನು ಫಿನ್ಲೆಂಡಿನ ಹಾನೆಸ್ ಕೋಲೆಹ್ಮಾಯ್ನೆನ್, 2 ಗಂಟೆ 32 ನಿಮಿಷಗಳಲ್ಲಿ. ಅವನ ಕಥೆಯನ್ನೂ ಹೇಳಬೇಕು. 1912ರ ಸ್ಟಾಕ್‌ಹೋಮಿನಲ್ಲಿ ಮೂರು ಚಿನ್ನ ಗೆದ್ದವನು ಆತ. ಮುಂದಿನ 1916ರ ಕ್ರೀಡಾಕೂಟವನ್ನು ಮಹಾಯುದ್ಧ ನುಂಗಿತು. ದೇಹ ಮಾಗಿದ್ದ ವರ್ಷಗಳು ವ್ಯರ್ಥವಾದವೆಂದು ಕೊರಗದೆ, ಎಂಟು ವರ್ಷ ಕಾದು, ಹೆಚ್ಚಿನ ದೂರಕ್ಕೆ ತನ್ನನ್ನು ಅಣಿಗೊಳಿಸಿಕೊಂಡು ಮರಳಿ ಗೆದ್ದ. ಕಾಯುವುದೂ ಅಭ್ಯಾಸದ ಒಂದು ಅಂಗವೆಂಬುದು ನನಗೆ ಈಗ ಅರ್ಥವಾಗುತ್ತದೆ; ಮೂವತ್ತರ ವಯಸ್ಸಿನಲ್ಲಿ ಅರ್ಥವಾಗಿರಲಿಲ್ಲ.

ಆ ವಯಸ್ಸಿನಲ್ಲಿ ನನ್ನ ಆರಾಧ್ಯ ದೈವ ಚೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್. 1952ರ ಹೆಲ್ಸಿಂಕಿಯಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಅದುವರೆಗೆ ಎಂದೂ ಓಡಿರದ ಮ್ಯಾರಥಾನ್, ಮೂರನ್ನೂ ಗೆದ್ದ ಏಕೈಕ ವ್ಯಕ್ತಿ. ಸೈನ್ಯದ ಭಾರದ ಬೂಟು ತೊಟ್ಟು ಅಭ್ಯಾಸ ಮಾಡುತ್ತಿದ್ದನೆಂದು ನಾನು ತರಗತಿಯಲ್ಲಿ ಮೈದುಂಬಿ ಹೇಳುತ್ತಿದ್ದೆ. 1956ರ ಮೆಲ್ಬರ್ನ್‌ಗೆ ಕೆಲವು ವಾರಗಳ ಮೊದಲು ಅವನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿತ್ತೆಂದೂ, ಆದರೂ ಮ್ಯಾರಥಾನ್ ಓಡಿ ಆರನೆಯವನಾದನೆಂದೂ ಹೇಳುತ್ತಿದ್ದೆ. ಅದೇ ಅವನ ಕೊನೆಯ ಒಲಿಂಪಿಕ್ ಓಟವೆಂಬ ಮಾತನ್ನು ಮಾತ್ರ ಒತ್ತಿ ಹೇಳುತ್ತಿರಲಿಲ್ಲ. ಇತಿಹಾಸವನ್ನು ಹೇಳುವವನು ತನಗೆ ಬೇಕಾದ ಅರ್ಧವನ್ನು ಆರಿಸಿಕೊಳ್ಳುವುದು ಹೀಗೆ.

ಇಥಿಯೋಪಿಯಾದ ಅಬೆಬೆ ಬಿಕಿಲಾನ ಚರಿತ್ರೆಯಲ್ಲಿ ಎರಡೂ ಅರ್ಧಗಳು ಪಕ್ಕಪಕ್ಕದಲ್ಲಿವೆ. 1960ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಿನಲ್ಲಿ ಓಡಿ ಚಿನ್ನ ಗೆದ್ದ. 1964ರ ಟೋಕಿಯೋಗೆ ಸುಮಾರು ಆರು ವಾರಗಳಿರುವಾಗ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಂಡು, ಈ ಬಾರಿ ಬೂಟು ತೊಟ್ಟು, 2 ಗಂಟೆ 12 ನಿಮಿಷಗಳಲ್ಲಿ ಮತ್ತೆ ಗೆದ್ದ. ಒಲಿಂಪಿಕ್ ಮ್ಯಾರಥಾನನ್ನು ಎರಡು ಸಲ ಗೆದ್ದ ಮೊದಲಿಗನಾದ. ಅದೇ ಬಿಕಿಲಾ 1968ರ ಮೆಕ್ಸಿಕೋದಲ್ಲಿ ಕಾಲಿನ ಗಾಯದೊಡನೆ ಓಟಕ್ಕಿಳಿದು, ಸುಮಾರು 17 ಕಿ.ಮೀ. ಆಗುತ್ತಿದ್ದಂತೆ ಹಾದಿಯಿಂದ ಹೊರಬರಬೇಕಾಯಿತು. ಗೆದ್ದವನು ಅವನದೇ ದೇಶದ ಮಾಮೊ ವೋಲ್ಡೆ. ಮನುಷ್ಯ ಅವನೇ, ಛಲವೂ ಅದೇ. ಟೋಕಿಯೋದಲ್ಲಿ ಗಾಯ ಮಾಗಿತ್ತು, ಮೆಕ್ಸಿಕೋದಲ್ಲಿ ಮಾಗಿರಲಿಲ್ಲ. ಛಲದಿಂದ ಕಾಲಿನ ಗಾಯ ಮಾಯುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಪಿ. ಟಿ. ಉಷಾ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಕಂಚನ್ನು ಕಳೆದುಕೊಂಡ ಮೇಲೆ ದೇಶದ ಶಾಲೆಶಾಲೆಯಲ್ಲೂ ಓಟದ ಹುಚ್ಚು ಹಬ್ಬಿತು. ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರಿರಲಿಲ್ಲವಾದ್ದರಿಂದ 1985ರಲ್ಲಿ ಆ ಹೊಣೆ ಇತಿಹಾಸದ ಮೇಷ್ಟರಾದ ನನ್ನ ಹೆಗಲೇರಿತು. ಹತ್ತನೆಯ ತರಗತಿಯಲ್ಲಿ ಹನೂರಿನ ಕಡೆಯ ಹಳ್ಳಿಯ ಹುಡುಗನೊಬ್ಬನಿದ್ದ. ಹೆಸರು ಬೇಡ. ಕೊಳ್ಳೇಗಾಲದಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ. ಕುರಿಯ ಹಿಂದೆ ಓಡಿ ಬೆಳೆದ ಕಾಲು; ನೋಡಿದವರು ಕಣ್ಣು ಕೀಳಲಾಗದಷ್ಟು ಹಗುರವಾದ ಓಟ. ತಾಲ್ಲೂಕು ಮಟ್ಟದ ಮೂರು ಸಾವಿರ ಮೀಟರಿನಲ್ಲಿ ಎರಡನೆಯವನಿಗಿಂತ ಅರ್ಧ ಸುತ್ತು ಮುಂದೆ ಬಂದ. ಜಿಲ್ಲಾ ಮಟ್ಟಕ್ಕೆ ಮೈಸೂರಿಗೆ ಹೋಗಬೇಕು; ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ, ಆಗ ನಾವೆಲ್ಲ ಮೈಸೂರು ಜಿಲ್ಲೆಯವರು. ಕೈಯಲ್ಲಿ ಐದು ವಾರಗಳಿದ್ದವು.

ನಾನು ಝಾಟೊಪೆಕ್‌ನನ್ನು ಓದಿಕೊಂಡಿದ್ದವನು! ದಿನಕ್ಕೆ ನಾಲ್ಕು ಕಿಲೋಮೀಟರು ಓಡುತ್ತಿದ್ದ ಹುಡುಗನನ್ನು ಮೂರು ವಾರಗಳಲ್ಲಿ ಹನ್ನೆರಡಕ್ಕೆ ಏರಿಸಿದೆ. ಬೆಳಗಿನ ಜಾವ ಮರಡಿಗುಡ್ಡದ ಬಳಿ ಸೇರಿ ಡಾಂಬರು ರಸ್ತೆಯ ಮೇಲೆ ಓಟ. ಅವನು ಬರಿಗಾಲು, ನಾನು ಸೈಕಲ್ಲು. ಮೂರನೆಯ ವಾರದ ಕೊನೆಗೆ ಅವನು ಮುಂಗಾಲಿನ ಮೂಳೆಯನ್ನು ಮುಟ್ಟಿ ತೋರಿಸಿ, "ಇಲ್ಲಿ ಒಂದೇ ತಾವು ನೋಯ್ತದ ಸಾ" ಎಂದ. ಓಡಿದರೆ ಸರಿಹೋಗುತ್ತದೆ ಎಂದೆ. ಎರಡು ದಿನ ಬಿಟ್ಟು ಆಸ್ಪತ್ರೆಗೆ ಕರೆದೊಯ್ದು ಎಕ್ಸರೇ ತೆಗೆಸಿದೆ. ಅದರಲ್ಲಿ ಏನೂ ಕಾಣಲಿಲ್ಲ. ಆದರೂ ವಿಶ್ರಾಂತಿ ಕೊಡಿ ಎಂದು ವೈದ್ಯರು ಹೇಳಿದರು. ನಾನು ಕೇಳಿಸಿಕೊಂಡದ್ದು ಮೊದಲ ವಾಕ್ಯವನ್ನು ಮಾತ್ರ.

ಅಂದು ಸಂಜೆ ಅವನ ಅಜ್ಜಿ ನನ್ನನ್ನು ಬೀದಿಯಲ್ಲಿ ತಡೆದು, "ಕುಂಟೋ ಎತ್ತ ಯಾರಾರ ನೊಗಕ್ಕ ಕಟ್ಟಾರಾ ಮೇಷ್ಟ್ರೇ?" ಎಂದು ಕೇಳಿದರು. ಓದುಬರಹ ಬಾರದ ಆ ತಾಯಿಗೆ ಎಕ್ಸರೇಯ ವಿಷಯ ಹೇಳಿ, ಮೂಳೆ ಗಟ್ಟಿಯಾಗಿದೆಯೆಂದು ಸಮಾಧಾನ ಮಾಡಿದೆ. ಹುಡುಗನಿಗಂತೂ ನಾನು ಹೇಳಿದ್ದೇ ವೇದವಾಕ್ಯ.

ಮೈಸೂರಿನಲ್ಲಿ ಐದನೆಯ ಸುತ್ತಿನವರೆಗೆ ಮುಂದಿನ ಮೂವರಲ್ಲಿದ್ದ. ಆರನೆಯ ಸುತ್ತಿನ ತಿರುವಿನಲ್ಲಿ ಕುಸಿದು ಕುಳಿತ. ಬಿದ್ದದ್ದಲ್ಲ, ನೆಲವನ್ನು ಕೈಯಲ್ಲಿ ಹಿಡಿದು ಮೆಲ್ಲನೆ ಕುಳಿತ. ನಾನು ಓಡಿಹೋದಾಗ ಅವನು ಹೇಳಿದ ಮೊದಲ ಮಾತು, "ತಪ್ಪಾಯ್ತು ಸಾ." ಈ ಬಾರಿ ಎಕ್ಸರೇಯಲ್ಲಿ ಮೂಳೆಯ ಬಿರುಕು ಸ್ಪಷ್ಟವಾಗಿ ಕಂಡಿತು. ಕಾಲಿಗೆ ಪಟ್ಟಿ ಹಾಕಿದರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅವನು ಕೋಲೂರಿಕೊಂಡು ಬಂದ, ಪಾಸಾದ. ಮತ್ತೆ ಎಂದೂ ಪಂಥದ ಓಟ ಓಡಲಿಲ್ಲ.

ಅಂದು ಏನಾಯಿತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಈ ಬಿರುಕನ್ನು ಮೊದಲು ವರ್ಣಿಸಿದವನು ಪ್ರಷ್ಯಾ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್, 1855ರಲ್ಲಿ. ದೂರದ ಕವಾಯತು ನಡೆದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಆತ ಗುರುತಿಸಿದ. ಎಕ್ಸರೇ ಇನ್ನೂ ಹುಟ್ಟಿರಲಿಲ್ಲ. ಅದು ಬಂದ ಮೇಲೆ, ಆ ನೋವಿನ ಮೂಲ ಮೂಳೆಯ ಸೂಕ್ಷ್ಮ ಬಿರುಕೆಂದು ತಿಳಿಯಿತು. ಮೂಳೆ ಕಲ್ಲಲ್ಲ, ಜೀವಂತ ವಸ್ತು. ಹೊಸ ಹೊರೆ ಬಿದ್ದಾಗ ದೇಹವು ಮೊದಲು ಹಳೆಯ ಭಾಗವನ್ನು ಕೆಡವಿ, ಆಮೇಲೆ ಗಟ್ಟಿಯಾದ ಹೊಸ ಭಾಗವನ್ನು ಕಟ್ಟುತ್ತದೆ. ಕೆಡವುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಹಳೆಯ ಗೋಡೆ ಕೆಡವಿ ಹೊಸದನ್ನು ಏರಿಸುವ ನಡುವೆ ಮನೆ ದುರ್ಬಲವಾಗಿರುವಂತೆ, ಹೊರೆ ಏರಿಸಿದ ಮೂರು ನಾಲ್ಕು ವಾರಗಳ ಆಸುಪಾಸಿನಲ್ಲಿ ಮೂಳೆ ಹಿಂದಿಗಿಂತ ಬಲಹೀನವಾಗಿರುತ್ತದೆ. ಉಸಿರು, ಮಾಂಸಖಂಡಗಳು ಬೇಗ ಪಳಗುವುದರಿಂದ ಓಟಗಾರನಿಗೆ ಅದೇ ಹೊತ್ತಿಗೆ ಶಕ್ತಿ ಹೆಚ್ಚಿದಂತೆ ತೋರುತ್ತದೆ. ಅಪಾಯವಿರುವುದು ಅಲ್ಲಿಯೇ. ಮತ್ತೊಂದು ಸಂಗತಿ: ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸರೇಯಲ್ಲಿ ಅನೇಕ ಸಲ ಕಾಣುವುದೇ ಇಲ್ಲ. ಚಿತ್ರದಲ್ಲಿ ಕಾಣದಿದ್ದುದನ್ನು ಹುಡುಗ ಬೆರಳಿಟ್ಟು ತೋರಿಸಿದ್ದ. ಅಜ್ಜಿ ಕಣ್ಣಿನಿಂದಲೇ ಕಂಡಿದ್ದರು.

ಹಾಗೆಂದು ಗಾಯಗೊಂಡವನು ಓಟವನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ನ್ಯೂಝಿಲೆಂಡಿನ ಮರ್ರೆ ಹಾಲ್ಬರ್ಗ್ ಹದಿನೇಳರ ವಯಸ್ಸಿನಲ್ಲಿ ರಗ್ಬಿ ಆಟದಲ್ಲಿ ಎಡಗೈಯ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಂಡ. ಆರ್ಥರ್ ಲಿಡಿಯರ್ಡ್ ಎಂಬ ಗುರು ಅವನನ್ನು ವರ್ಷಗಟ್ಟಲೆ, ಅವಸರವಿಲ್ಲದ ದೂರದ ಓಟಗಳಿಂದ ಬೆಳೆಸಿದ. 1960ರ ರೋಮಿನಲ್ಲಿ 5,000 ಮೀಟರಿನ ಚಿನ್ನ ಅವನದಾಯಿತು. ಮಹಿಳೆಯರಿಗೆ ಒಲಿಂಪಿಕ್ ಮ್ಯಾರಥಾನ್ ಓಡುವ ಅವಕಾಶ ಸಿಕ್ಕಿದ್ದೇ 1984ರಲ್ಲಿ. ಅದನ್ನು ಗೆದ್ದ ಅಮೆರಿಕದ ಜೋನ್ ಬೆನಾಯ್ಟ್, ಆಯ್ಕೆಯ ಓಟಕ್ಕೆ ಕೇವಲ ಹದಿನೇಳು ದಿನಗಳಿರುವಾಗ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. ಆಕೆ ನೋವನ್ನು ಬಚ್ಚಿಡಲಿಲ್ಲ. ಕಾರಣವನ್ನು ಹುಡುಕಿ, ಸರಿಪಡಿಸಿಕೊಂಡು ಓಡಿದಳು. ನಮ್ಮ ದೇಶದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್‌ನಲ್ಲಿ ಹನ್ನೊಂದನೆಯವನಾಗಿ, 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಓಡಿ, ನಾಲ್ಕು ದಶಕಗಳಿಗೂ ಮೀರಿ ಯಾವ ಭಾರತೀಯನೂ ಮುರಿಯಲಾಗದ ದಾಖಲೆಯನ್ನಿಟ್ಟ. ಇಂಥ ಸಾಧನೆ ಐದು ವಾರಗಳ ಆತುರದಲ್ಲಿ ಹುಟ್ಟುವುದಿಲ್ಲ.

ಆ ಹುಡುಗನಿಗೆ ಈಗ ಐವತ್ತೈದರ ಹತ್ತಿರದ ವಯಸ್ಸು. ಊರಿನಲ್ಲೇ ಹಿಪ್ಪುನೇರಳೆ ಬೆಳೆಸಿ, ರೇಷ್ಮೆಹುಳು ಸಾಕುತ್ತಾನೆ. ಪ್ರತಿವರ್ಷ ಶಿವರಾತ್ರಿಗೆ ಬೆಟ್ಟಕ್ಕೆ ನಡೆದೇ ಹೋಗುತ್ತಾನೆ. ಕೆಲವು ವರ್ಷಗಳ ಹಿಂದೆ ಕೊಳ್ಳೇಗಾಲದ ಮಾರುಕಟ್ಟೆಯ ಬಳಿ ಸಿಕ್ಕಿದ್ದಾಗ, ಧೈರ್ಯ ಮಾಡಿ, ಅಂದು ನಾನು ಮಾಡಿದ್ದು ತಪ್ಪೆಂದು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಅನಂತರ, "ಅಜ್ಜಿ ಸಾಯೋಗಂಟ ನಿಮ್ಮ ಬೈತಿತ್ತು ಸಾ. ನಾ ಬೈಲಿಲ್ಲ. ಆದ್ರ ಆ ಓಟ ಮುಗಿಸ್ಬೇಕಿತ್ತು ಅಂತ ಈಗ್ಲೂ ಅನಿಸ್ತದ" ಎಂದ. ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತಿರದ ಅಂಗಡಿಯಲ್ಲಿ ಇಬ್ಬರೂ ಟೀ ಕುಡಿದೆವು. ಹಣವನ್ನು ಅವನೇ ಕೊಟ್ಟ.

ಬೆಂಗಳೂರಿನ ನನ್ನ ಶಿಷ್ಯನಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಲಾಗಲಿಲ್ಲ. ಅದಕ್ಕಾಗಿ ಇಲ್ಲಿ ಬರೆದಿದ್ದೇನೆ. ಅಪ್ಪಾ, ಮೈಯೆಲ್ಲ ಹರಡಿದ, ಎರಡು ದಿನಗಳಲ್ಲಿ ಇಳಿಯುವ ನೋವು ಬೇರೆ. ಮೂಳೆಯ ಮೇಲೆ ಒಂದೇ ಕಡೆ ನಿಂತು, ಓಡಿದಷ್ಟೂ ಹೆಚ್ಚುವ ನೋವು ಬೇರೆ. ಮೊದಲನೆಯದನ್ನು ಸಹಿಸಬಹುದು. ಎರಡನೆಯದನ್ನು ನಾಳೆಯೇ ಮೂಳೆಯ ವೈದ್ಯರಿಗೆ ತೋರಿಸು. ಎಕ್ಸರೇಯಲ್ಲಿ ಏನೂ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸದೆ, ಎಂ.ಆರ್.ಐ. ಬೇಕೇ ಎಂದು ಕೇಳು. ಓಡಬೇಡವೆಂದರೆ ಓಡಬೇಡ. ಈ ವರ್ಷದ ಓಟ ತಪ್ಪಿದರೆ ಮುಂದಿನ ವರ್ಷದ್ದಿದೆ.

ನೋವನ್ನು ಲೆಕ್ಕಿಸದವನೇ ಓಟಗಾರ ಎಂದು ನಾನು ನಿಮಗೆಲ್ಲ ಕಲಿಸಿದ ಪಾಠವನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನಿಮ್ಮಲ್ಲಿ ಈಗ ಮೇಷ್ಟರಾಗಿರುವವರು, ಮಕ್ಕಳನ್ನು ಮೈದಾನಕ್ಕೆ ಕಳುಹಿಸುವ ತಂದೆತಾಯಿಗಳು ದಯವಿಟ್ಟು ಈ ತಿದ್ದುಪಡಿಯನ್ನು ಗುರುತು ಹಾಕಿಕೊಳ್ಳಬೇಕು.